ಅಂಗಡಿಹಳ್ಳಿಯಿಂದ ಕುದುರೆಮುಖದವರೆಗೆ: ದೂರದ ಗಲಾಟೆ, ಹತ್ತಿರದ ಬದುಕು

ಶುಕ್ರವಾರ, ಬೇಲೂರು ಕಡೆ

ಬೇಲೂರಿಗೆ ಬಂದವರು ಚೆನ್ನಕೇಶವನ ದೇವಸ್ಥಾನ ನೋಡಿ, ಹಳೇಬೀಡಿಗೋ ಚಿಕ್ಕಮಗಳೂರಿಗೋ ಗಾಡಿ ತಿರುಗಿಸುತ್ತಾರೆ. ಅದೇ ತಾಲ್ಲೂಕಿನ ಅಂಗಡಿಹಳ್ಳಿಗೆ ಯಾರೂ ಹೋಗುವುದಿಲ್ಲ. ನಾವು ಮೊದಲು ಹೋಗಿದ್ದೇ ಅಲ್ಲಿಗೆ.

ಈ ಸಲದ ತಿರುಗಾಟಕ್ಕೆ ಒಂದು ಕಾರಣ ಇತ್ತು. ಯುದ್ಧ, ದಂಗೆ, ಸರ್ಕಾರ ಉರುಳಿದ್ದು, ಎಲ್ಲವನ್ನೂ ಟಿವಿಯಲ್ಲಿ ನೋಡುತ್ತೇವೆ. ಅದು ನಮ್ಮ ಹಾಸನ, ಚಿಕ್ಕಮಗಳೂರಿನ ಮನೆಗಳಿಗೆ ಹೇಗೆ ಬಂದು ತಲುಪುತ್ತದೆ? ಬಂದಾಗ ಮನೆಯವರು ಏನು ಮಾಡುತ್ತಾರೆ? ಇದನ್ನು ಅವರ ಬಾಯಿಂದಲೇ ಕೇಳಬೇಕು ಅನ್ನಿಸಿತ್ತು. ಜನವರಿ ತಿಂಗಳು, ಕಾಫಿ ಕುಯ್ಲಿನ ಕಾಲ. ಗೆಳೆಯನ ಜೀಪ್ ಇತ್ತು. ಸಿಕ್ಕವರ ಹೆಸರುಗಳನ್ನು ಇಲ್ಲಿ ಬರೆಯುತ್ತಿಲ್ಲ. ಕೆಲವರು ಬೇಡ ಅಂದರು, ಉಳಿದವರದ್ದು ನಾನೇ ಬೇಡ ಅಂದುಕೊಂಡೆ.

ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಬುಡಕಟ್ಟಿನವರ ಕಾಲೊನಿ ಇದೆ. ಇವರ ಹಿರಿಯರು ಗುಜರಾತ್, ರಾಜಸ್ಥಾನದ ಕಡೆಯಿಂದ ಬಂದವರು. ಮನೆಯಲ್ಲಿ ಆಡುವುದು ವಾಗ್ರಿ ಭಾಷೆ, ನಮ್ಮ ಜೊತೆ ಅಚ್ಚ ಹಾಸನದ ಕನ್ನಡ. ಹಕ್ಕಿ ಹಿಡಿಯುವುದು, ಬೇಟೆ ಇವರ ಕಸುಬಾಗಿತ್ತು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ದಾರಿ ಮುಚ್ಚಿತು. ಬೇರು, ಸೊಪ್ಪು, ತಲೆಗೆ ಹಚ್ಚುವ ಎಣ್ಣೆ ಮಾರಲು ಶುರು ಮಾಡಿದರು. ಮೊದಲು ಊರೂರು, ಆಮೇಲೆ ದೇಶದೇಶ. ಈಗ ಆಫ್ರಿಕಾದ ಎಷ್ಟೋ ಊರುಗಳ ಹೆಸರು ಇಲ್ಲಿಯ ಹೆಂಗಸರ ಬಾಯಲ್ಲಿ ಸಲೀಸಾಗಿ ಬರುತ್ತವೆ.

ಒಂದು ಮನೆಯ ಜಗಲಿಯಲ್ಲಿ ಕೂತೆವು. ಮನೆಯಾಕೆ ಒಳಗಿನಿಂದ ಒಂದು ಸ್ಟೀಲ್ ಡಬ್ಬಿ ತಂದರು. ಮೊದಲು ಹಿಟ್ಟಿನ ಡಬ್ಬಿ ಆಗಿತ್ತೇನೋ, ಮುಚ್ಚಳದ ಅಂಚಿನಲ್ಲಿ ಇನ್ನೂ ಬಿಳಿ ಗೆರೆ ಇತ್ತು. ಒಳಗೆ ಪ್ಲಾಸ್ಟಿಕ್ ಕವರ್, ಅದರೊಳಗೆ ಇನ್ನೊಂದು ಕವರ್. ಪಾಸ್‌ಪೋರ್ಟ್‌ಗಳು, ವೀಸಾದ ಜೆರಾಕ್ಸ್, ರೇಷನ್ ಕಾರ್ಡ್. ಎಲ್ಲದರ ಮೇಲೆ ರಬ್ಬರ್ ಬ್ಯಾಂಡ್ ಹಾಕಿದ ಹಳದಿ ಪುಸ್ತಕ. ಅದು ಹಳದಿ ಜ್ವರದ ಲಸಿಕೆಯ ಪುಸ್ತಕ. "ಪಾಸ್‌ಪೋರ್ಟ್‌ಗಿಂತ ಇದನ್ನ ಜೋಪಾನ ಮಾಡ್ಬೇಕು ಸಾರ್" ಅಂದರು.

ಯಾಕೆ ಅಂತ ಕೇಳಿದ್ದಕ್ಕೆ ಸುಡಾನ್ ಕಥೆ ಬಂತು. 2023ರ ಏಪ್ರಿಲ್ 15ರಂದು ಅಲ್ಲಿಯ ಸೇನೆಗೂ ಆರ್‌ಎಸ್‌ಎಫ್ ಅನ್ನುವ ಅರೆಸೇನಾ ಪಡೆಗೂ ಕಾಳಗ ಶುರುವಾಯಿತು. ಆಗ ಅಲ್ಲಿ ಸಿಕ್ಕಿಹಾಕಿಕೊಂಡವರಲ್ಲಿ ಶಿವಮೊಗ್ಗ, ದಾವಣಗೆರೆ, ಮೈಸೂರು ಜಿಲ್ಲೆಗಳ ಹಕ್ಕಿಪಿಕ್ಕಿಗಳಿದ್ದರು. ಇವರೆಲ್ಲ ಕೊಟ್ಟು ತಂದ ಒಂದೇ ಬಳಗ. ಈಕೆಯ ನೆಂಟರು ಡಾರ್ಫುರ್‌ನ ಎಲ್ ಫಾಷರ್ ಊರಲ್ಲಿದ್ದರಂತೆ. ಖಾರ್ಟೂಮ್‌ನಿಂದ ಸುಮಾರು 800 ಕಿಲೋಮೀಟರ್ ದೂರದ ಊರು ಅದು. ಬಾಡಿಗೆ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದರು. ನೀರಿಲ್ಲ, ಕರೆಂಟಿಲ್ಲ. ಕರೆಂಟ್ ಬಂದಾಗ ಎಲ್ಲರದ್ದೂ ಅಲ್ಲ, ಒಂದೇ ಫೋನ್ ಚಾರ್ಜ್ ಮಾಡುವುದು. ಆ ಒಂದು ಫೋನಿನಿಂದ ಒಬ್ಬರಿಗೆ ಮಾತ್ರ ಕರೆ. ಆ ಒಬ್ಬರು ಊರಿನ ಎಲ್ಲರಿಗೂ ಹೇಳಬೇಕು. ಇದನ್ನು ಯಾವ ಅಧಿಕಾರಿಯೂ ಕಲಿಸಿದ್ದಲ್ಲ, ಅವರವರೇ ಮಾಡಿಕೊಂಡ ಏರ್ಪಾಡು. ಬೇಟೆಗೆ ತಂಡಗಳಾಗಿ ಕಾಡಿಗೆ ಹೋಗುತ್ತಿದ್ದ ಕಾಲದಿಂದ ಹೀಗೆ ಇದೆ ಅಂತ ಮನೆಯ ಅಜ್ಜ ಹೇಳಿದರು.

ಆಗ ಇಲ್ಲಿ ವಿಧಾನಸಭೆ ಚುನಾವಣೆಯ ಕಾವು, ಮೇ 10ಕ್ಕೆ ಮತದಾನ. ಅವರ ಸಂಕಟದ ಮೇಲೂ ನಾಯಕರು ಟ್ವಿಟರ್‌ನಲ್ಲಿ ಜಟಾಪಟಿ ಮಾಡಿದರು. ಕೊನೆಗೆ ಕೇಂದ್ರದ ಆಪರೇಷನ್ ಕಾವೇರಿಯಲ್ಲಿ 3,800ಕ್ಕೂ ಹೆಚ್ಚು ಜನ ಸುಡಾನ್‌ನಿಂದ ಹೊರಬಂದರು. ಪೋರ್ಟ್ ಸುಡಾನ್‌ವರೆಗೆ ಬಸ್ಸು, ಅಲ್ಲಿಂದ ಹಡಗು ಇಲ್ಲವೇ ವಿಮಾನದಲ್ಲಿ ಜೆಡ್ಡಾ, ಆಮೇಲೆ ಭಾರತ. ಬೆಂಗಳೂರಲ್ಲಿ ಇಳಿದಾಗ ಹಳದಿ ಜ್ವರದ ಸರ್ಟಿಫಿಕೇಟ್ ಇಲ್ಲದವರನ್ನು ಪ್ರತ್ಯೇಕವಾಗಿ ಇರಿಸಿದರು. ಗುಂಡು ತಪ್ಪಿಸಿಕೊಂಡು ಬಂದವರು ಒಂದು ಪುಸ್ತಕಕ್ಕಾಗಿ ಮನೆ ಬಾಗಿಲಲ್ಲಿ ನಿಲ್ಲಬೇಕಾಯಿತು. ಅದಕ್ಕೇ ಆ ಹಳದಿ ಪುಸ್ತಕ ಡಬ್ಬಿಯಲ್ಲಿ ಎಲ್ಲಕ್ಕಿಂತ ಮೇಲೆ.

"ಬಂದ್ರು, ಸರಿ. ಸಾಲ?" ಅಂತ ಅಜ್ಜ ಕೇಳಿದರು. ಟಿಕೆಟ್ಟಿಗೆ, ಸರಕಿಗೆ ಬಡ್ಡಿಗೆ ತಂದ ದುಡ್ಡು. ಸರಕು ಅಲ್ಲೇ ಉಳಿಯಿತು. ಯುದ್ಧ ಆಯಿತು ಅಂತ ಬಡ್ಡಿ ನಿಲ್ಲುವುದಿಲ್ಲವಲ್ಲ. ವಿಮಾನ ಇಳಿಯುವ ಫೋಟೊ ಎಲ್ಲ ಪೇಪರ್‌ನಲ್ಲೂ ಬಂದಿತ್ತು. ಅದರ ಮುಂದಿನ ಎರಡು ವರ್ಷದ ಬಡ್ಡಿ ಯಾವ ಪೇಪರ್‌ನಲ್ಲೂ ಬರಲಿಲ್ಲ. ನೆಂಟರು ಹಂಚಿಕೊಂಡು ತೀರಿಸಿದರಂತೆ, ಇನ್ನೂ ಪೂರ್ತಿ ತೀರಿಲ್ಲ. ನಮಗೆ ಅವರ ಧೈರ್ಯ ಹೊಗಳುವುದು ಸುಲಭ. ನಾವು ಹೊಗಳುವಷ್ಟರಲ್ಲಿ ಅವರು ಮುಂದಿನ ಕಂತಿಗೆ ಓಡಾಡುತ್ತಿರುತ್ತಾರೆ.

ಶನಿವಾರ, ಸಕಲೇಶಪುರ

ಅರೇಹಳ್ಳಿ ದಾರಿಯಲ್ಲಿ ಸಕಲೇಶಪುರಕ್ಕೆ ಬಂದೆವು. 1792ರಲ್ಲಿ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆಗೆ ಹತ್ತಿ ಇಳಿದೆವು. ರಜಾದಿನವಾದ್ದರಿಂದ ಜನ ಜಾಸ್ತಿ, ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮಧ್ಯಾಹ್ನ ಗೆಳೆಯನ ಪರಿಚಯದ ತೋಟಕ್ಕೆ ಹೋದೆವು. ರೋಬಸ್ಟಾ ಕುಯ್ಲು ನಡೆದಿತ್ತು. ಗಿಡದ ಕೆಳಗೆ ಹಾಸಿದ ಬಲೆಯ ಮೇಲೆ ಹಣ್ಣು ಉದುರುತ್ತಿತ್ತು. ಆಳುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಸ್ಸಾಮಿನವರು. ಇವತ್ತು ಹಾಸನ, ಚಿಕ್ಕಮಗಳೂರು, ಕೊಡಗಿನ ಎಷ್ಟೋ ತೋಟಗಳು ನಡೆಯುತ್ತಿರುವುದೇ ಇವರಿಂದ. ಇದನ್ನು ಬೆಳೆಗಾರರೇ ಒಪ್ಪುತ್ತಾರೆ.

ಸಂಜೆ ತೂಕ ಮುಗಿದ ಮೇಲೆ ಆಳುಗಳು ಇರುವ ಲೈನ್ ಮನೆ ಹತ್ತಿರ ಒಬ್ಬರು ಮಾತಿಗೆ ಸಿಕ್ಕರು. ಅಸ್ಸಾಮಿನ ಬರಪೇಟಾ ಜಿಲ್ಲೆಯವರು, ಮನೆಮಾತು ಬಂಗಾಳಿ. ಇಲ್ಲಿಗೆ ಬಂದು ವರ್ಷಗಳಾಗಿವೆ, ಮಗಳು ಇಲ್ಲೇ ಸರ್ಕಾರಿ ಶಾಲೆಗೆ ಹೋಗುತ್ತಾಳೆ. 2024ರ ಆಗಸ್ಟ್ 5ರಂದು ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಢಾಕಾದಿಂದ ದೇಶ ಬಿಟ್ಟು ಹೋದರು. ಇವರಿಗೂ ಢಾಕಾಗೂ ಏನೂ ಸಂಬಂಧ ಇಲ್ಲ. ಆದರೂ ಮರುವಾರದ ಸಂತೆಯಲ್ಲಿ ಜನ ಇವರನ್ನು ನೋಡುವ ರೀತಿ ಬದಲಾಯಿತು. ಬಂಗಾಳಿ ಮಾತಾಡಿದರೆ ಬಾಂಗ್ಲಾದವರು ಅನ್ನುವ ಲೆಕ್ಕ. ಆಮೇಲೆ ಪೊಲೀಸರು ತೋಟಕ್ಕೆ ಬಂದು ಎಲ್ಲರ ಕಾಗದ ನೋಡಿ ಹೋದರು.

ಕಾಗದ ಇವರ ಹತ್ತಿರ ಬೇಕಾದಷ್ಟಿದೆ. ಒಂದೊಂದೂ ಲ್ಯಾಮಿನೇಟ್ ಮಾಡಿಸಿದ್ದು. ಆಧಾರ್, ವೋಟರ್ ಕಾರ್ಡ್, ಅಜ್ಜನ ಹೆಸರಿರುವ ಹಳೆ ಮತದಾರರ ಪಟ್ಟಿಯ ಪ್ರತಿ. ಅಸ್ಸಾಮಿನ ಪೌರತ್ವ ಪಟ್ಟಿಗೆ 1971ರ ಮಾರ್ಚ್ 24ರ ಮಧ್ಯರಾತ್ರಿಯೇ ಗಡುವು. ಅದಕ್ಕೆ ಮೊದಲು ತಮ್ಮ ಹಿರಿಯರು ಅಲ್ಲೇ ಇದ್ದರು ಅಂತ ತೋರಿಸಬೇಕು. 2019ರ ಆಗಸ್ಟ್ 31ರಂದು ಬಂದ ಪಟ್ಟಿಯಲ್ಲಿ 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಇರಲಿಲ್ಲ. ಇವರ ಹೆಸರು ಇದೆ, ಮಗಳದ್ದೂ ಇದೆ, ಹೆಂಡತಿಯದ್ದು ಇಲ್ಲ. ಪಟ್ಟಿಯಿಂದ ಬಿಟ್ಟುಹೋದವರು ಪೌರತ್ವ ತೀರ್ಮಾನಿಸುವ ಟ್ರಿಬ್ಯೂನಲ್‌ಗೆ ಹೋಗಬೇಕು, ಹೋಗುವುದಕ್ಕೆ ಯಾಕೆ ಬಿಟ್ಟರು ಅನ್ನುವ ಚೀಟಿ ಬೇಕು. ಆ ಚೀಟಿ ಇನ್ನೂ ಕೈಗೆ ಬಂದಿಲ್ಲ.

"ಮತ್ತೆ ಹೇಗೆ ನಡೀತಿದೆ?" ಅಂದೆ.

"ಕೆಲ್ಸ ಮಾಡೋದು, ಕಾಗ್ದ ಇಟ್ಕೊಳ್ಳೋದು. ಫೋನಲ್ಲಿ ಒಂದು, ತೋಟದ ಆಫೀಸಲ್ಲಿ ಒಂದು, ಊರಲ್ಲಿ ಅಣ್ಣನ ಹತ್ರ ಒಂದು." ಮಗಳು ಪಕ್ಕದಲ್ಲಿ ಕೂತು ಕನ್ನಡ ಪಾಠದ ಪದ್ಯ ಬಾಯಿಪಾಠ ಮಾಡುತ್ತಿದ್ದಳು. ಹೆಂಡತಿ ಈಗ ಸಂತೆಗೆ ಹೋಗುವಾಗ ಮಗಳನ್ನು ಕರೆದುಕೊಂಡೇ ಹೋಗುತ್ತಾರಂತೆ. ಹುಡುಗಿ ಕನ್ನಡದಲ್ಲಿ ಬೆಲೆ ಕೇಳಿದರೆ ಯಾರೂ ಏನೂ ಕೇಳುವುದಿಲ್ಲ. ಹತ್ತು ವರ್ಷದ ಮಗುವಿನ ಮೇಲೆ ಅಷ್ಟು ಭಾರ ಬೀಳುವುದು ನೋಡಿ ನನಗೆ ತುಂಬ ಬೇಜಾರಾಯಿತು. ತೋಟದ ಲೆಕ್ಕ ಬರೆಯುವ ರೈಟರ್ ಒಳ್ಳೆಯವರು. ಯಾರಾದರೂ ವಿಚಾರಿಸಲು ಬಂದರೆ ತಾವೇ ಎದುರು ಹೋಗಿ ಮಾತಾಡುತ್ತಾರೆ. ಇಂಥವರು ಎಲ್ಲ ತೋಟದಲ್ಲೂ ಇರಬೇಕು.

ರಾತ್ರಿ ಉಳಿದಿದ್ದು ಪೇಟೆಯಲ್ಲಿ, ನಮ್ಮ ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಪ್ಪ ತೀರಿಕೊಂಡು ಕೆಲವು ವರ್ಷ ಆಯಿತು. 1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತ್‌ಗೆ ನುಗ್ಗಿದಾಗ ಅವರು ಅಲ್ಲೇ ಕೆಲಸದಲ್ಲಿದ್ದರು. ಬಸ್ಸಿನಲ್ಲಿ ಬಾಗ್ದಾದ್, ಅಲ್ಲಿಂದ ಜೋರ್ಡಾನ್‌ನ ಅಮ್ಮಾನ್, ಅಲ್ಲಿಂದ ಏರ್ ಇಂಡಿಯಾ ವಿಮಾನ. ಆಗ ಹೀಗೆ ಬಂದವರು ಸುಮಾರು 1.7 ಲಕ್ಷ ಭಾರತೀಯರು. ನಮಗೆ ಗೊತ್ತಿದ್ದ ಕಥೆ ಇಷ್ಟೇ. ಚಿಕ್ಕಮ್ಮ ಆ ದಿನಗಳಲ್ಲಿ ಇಲ್ಲಿ ಏನು ಮಾಡುತ್ತಿದ್ದರು ಅಂತ ನಮ್ಮಲ್ಲಿ ಯಾರೂ ಕೇಳಿರಲೇ ಇಲ್ಲ. ಈ ಸಲ ಕೇಳಿದೆ.

ವಾರಗಟ್ಟಲೆ ಸುದ್ದಿ ಇರಲಿಲ್ಲ. ದಿನಾ ಬೆಳಿಗ್ಗೆ ಅಂಚೆ ಕಚೇರಿ, ಸಂಜೆ ರೇಡಿಯೊ. ತಿಂಗಳ ಡ್ರಾಫ್ಟ್ ನಿಂತುಹೋಯಿತು. ಅಂಗಡಿಯವರು ಸಾಲದ ಪುಸ್ತಕದಲ್ಲಿ ಬರೆದುಕೊಂಡು ದಿನಸಿ ಕೊಟ್ಟರು, ಒಂದು ದಿನವೂ ಕೇಳಲಿಲ್ಲ. ಬೀದಿಯ ಮತ್ತೊಬ್ಬ ಹೆಂಗಸಿನ ಗಂಡನೂ ಅಲ್ಲೇ ಇದ್ದರು. ಇಬ್ಬರೂ ರಾತ್ರಿ ಒಂದೇ ಮನೆಯಲ್ಲಿ ಮಲಗುತ್ತಿದ್ದರಂತೆ, ಮಕ್ಕಳನ್ನೆಲ್ಲ ಸೇರಿಸಿಕೊಂಡು. "ಒಬ್ಳೇ ಇದ್ರೆ ತಲೆ ಕೆಡ್ತಿತ್ತು ಕಣೋ" ಅಂದರು. ಅದನ್ನು ಹೇಳುವಾಗಲೂ ಕೈ ಸುಮ್ಮನಿರಲಿಲ್ಲ, ಅವರೆಕಾಳು ಹಿಚುಕುತ್ತಲೇ ಇದ್ದರು.

ಭಾನುವಾರ, ಚಿಕ್ಕಮಗಳೂರು

ಮೂಡಿಗೆರೆ ದಾಟಿ ಚಿಕ್ಕಮಗಳೂರು ಸೇರುವಾಗ ಹನ್ನೊಂದು ಗಂಟೆ. ಊರ ಹೊರಗೆ ಒಂದು ಸಣ್ಣ ತೋಟ, ಎಂಟು ಎಕರೆಯದ್ದು. ಯಜಮಾನರಿಗೆ ಎಪ್ಪತ್ತು ದಾಟಿದೆ. ಕಾಫಿಯ ರಾಜಕೀಯ ತಿಳಿಯಬೇಕಾದರೆ ಇಂಥವರ ಕಣದಲ್ಲಿ ಕೂರಬೇಕು. ಒಣಗಲು ಹರವಿದ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜ, ಎಳೆಯುತ್ತಲೇ ಮಾತಾಡಿದರು.

ಎರಡನೇ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಯಿತು. ಬೆಳೆಗಾರರನ್ನು ಉಳಿಸಲು ಸರ್ಕಾರ ಎಲ್ಲರ ಕಾಫಿಯನ್ನೂ ಒಂದೇ ಕಡೆ ಸೇರಿಸಿ ಮಾರುವ ಪೂಲ್ ವ್ಯವಸ್ಥೆ ತಂದಿತು. 1942ರ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಯುದ್ಧ ಮುಗಿದರೂ ಪೂಲ್ ಮುಗಿಯಲಿಲ್ಲ. ಇವರ ತಂದೆಯ ಕಾಲ, ಇವರ ಅರ್ಧ ಆಯುಷ್ಯ ಎಲ್ಲ ಅದರಲ್ಲೇ ಹೋಯಿತು. ಕಾಫಿ ಬೋರ್ಡಿಗೆ ಕೊಡುವುದು, ದುಡ್ಡು ಕಂತಿನಲ್ಲಿ ಬರುವುದು. ಬೈಯುತ್ತಿದ್ದರು, ಆದರೆ ಬರುತ್ತದೆ ಅಂತ ನಂಬಿಕೆ ಇತ್ತು. ಕಾಫಿಯ ದೊಡ್ಡ ಪಾಲು ರೂಪಾಯಿ ವ್ಯಾಪಾರದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗುತ್ತಿತ್ತು. 1991ರಲ್ಲಿ ಆ ದೇಶವೇ ಇಲ್ಲವಾಯಿತು.

"ಗೋರ್ಬಚೆವ್ ರಾಜೀನಾಮೆ ಕೊಟ್ಟ ದಿನ ನಮ್ಮ ಹಟ್ಟೀಲಿ ಹಸು ಕರು ಹಾಕಿತ್ತು. ಅಷ್ಟೇ ನೆನಪು. ಅದು ನಮಗೆ ಹೊಡೆತ ಅಂತ ಗೊತ್ತಾಗಿದ್ದು ಆಮೇಲೆ" ಅಂದರು. 1996ರ ಹೊತ್ತಿಗೆ ಪೂಲ್ ಪೂರ್ತಿ ಹೋಗಿ ಮುಕ್ತ ಮಾರುಕಟ್ಟೆ ಬಂತು. ಕೆಲವು ವರ್ಷ ಒಳ್ಳೆ ದುಡ್ಡು, ಆಮೇಲೆ 2000ದ ಆಸುಪಾಸಿನಲ್ಲಿ ಬೆಲೆ ಪಾತಾಳಕ್ಕೆ. ಆಗ ಇವರು ಸಿಲ್ವರ್ ಓಕ್ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿದರು. ಹೆಂಡತಿ ಎರಡು ಎಮ್ಮೆ ಕಟ್ಟಿದರು. ಒಂದೇ ಬೆಳೆ, ಒಂದೇ ಗಿರಾಕಿಯನ್ನು ನಂಬಿ ಕೂರಬಾರದು ಅಂತ ಆಗ ಮಾಡಿದ್ದು, ಇವತ್ತಿಗೂ ಬಿಟ್ಟಿಲ್ಲ.

2022ರಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿದಾಗ ಪೊಟ್ಯಾಷ್ ಗೊಬ್ಬರ ತುಟ್ಟಿಯಾಯಿತು. ನಮ್ಮಲ್ಲಿ ಪೊಟ್ಯಾಷ್ ಗಣಿ ಇಲ್ಲ, ರಷ್ಯಾ, ಬೆಲಾರುಸ್, ಕೆನಡಾದಂಥ ದೇಶಗಳಿಂದಲೇ ಬರಬೇಕು. ಇವರು ಆ ವರ್ಷ ಅರ್ಧ ಗೊಬ್ಬರ ಹಾಕಿ, ಉಳಿದದ್ದಕ್ಕೆ ಕೊಟ್ಟಿಗೆ ಗೊಬ್ಬರ, ಕಾಫಿ ಸಿಪ್ಪೆ ಕೊಳೆಸಿ ಹಾಕಿದರು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರು ಮಾಡಿದರು. ಇಟಲಿ, ಜರ್ಮನಿಗೆ ಹೋಗುವ ನಮ್ಮ ಕಾಫಿ ಕಂಟೇನರ್‌ಗಳು ಆಫ್ರಿಕಾ ಖಂಡವನ್ನೇ ಸುತ್ತಿ ಹೋಗಬೇಕಾಯಿತು. ಬಾಬಾ ಬುಡನ್ ಕಾಫಿಯ ಏಳು ಬೀಜ ತಂದರು ಅನ್ನುವ ಮೋಕಾ ಬಂದರು ಇರುವುದೂ ಅದೇ ಯೆಮೆನ್ ದಂಡೆಯಲ್ಲಿ. ಬಾಬಾ ಬುಡನ್ ಹೆಸರಿನ ಗಿರಿ ಇವರ ಕಣದಿಂದ ಕಾಣುತ್ತದೆ.

ಹಾಗಿದ್ದೂ 2024, 2025ರಲ್ಲಿ ಕಾಫಿಗೆ ಹಿಂದೆಂದೂ ಇಲ್ಲದ ಬೆಲೆ ಬಂತು. ಇವರು ಹಳೆ ಸಾಲ ಎಲ್ಲ ತೀರಿಸಿದ್ದಾರೆ. ಖುಷಿ ಇಲ್ಲವಾ ಅಂದರೆ, "ಇದೆ. ಆದ್ರೆ ಬ್ರೆಜಿಲ್ಲು, ವಿಯೆಟ್ನಾಮಿನಲ್ಲಿ ಬರ ಬಂದು ನಮ್ಮಂಥೋರು ಅತ್ತಿದ್ದಕ್ಕೆ ಈ ಬೆಲೆ" ಅಂದರು. ಇವರ ಈ ಮಾತು ನನಗೆ ಬಹಳ ದೊಡ್ಡದಾಗಿ ಕಂಡಿತು.

ಸಂಜೆ ಪಕ್ಕದ ಲೈನ್ ಮನೆಯಲ್ಲಿ ತೋಟದ ಕೆಲಸದಿಂದ ನಿವೃತ್ತರಾದ ಒಬ್ಬ ಅಜ್ಜಿ ಸಿಕ್ಕರು. ಚಿಕ್ಕಮಗಳೂರಲ್ಲಿ ರಾಜಕೀಯದ ಮಾತು ಬಂದರೆ 1978 ಬರಲೇಬೇಕು. ತುರ್ತು ಪರಿಸ್ಥಿತಿಯ ನಂತರ ಸೋತ ಇಂದಿರಾ ಗಾಂಧಿಗೆ ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟರು. ನವೆಂಬರ್‌ನಲ್ಲಿ ಉಪಚುನಾವಣೆ, ಎದುರಾಳಿ ವೀರೇಂದ್ರ ಪಾಟೀಲರು. ಇಂದಿರಾ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಡಿಸೆಂಬರ್‌ನಲ್ಲಿ ಲೋಕಸಭೆಯಿಂದ ಉಚ್ಚಾಟನೆ, ತಿಹಾರ್ ಜೈಲು. "ದೆಹಲಿಯೋರು ಬಂದ್ರು, ಜೀಪು ಬಂದ್ವು, ಊರು ತುಂಬ ಮೈಕು. ನಾವು ಹಾಕಿದ್ ವೋಟು ಎರಡ್ ತಿಂಗ್ಳೂ ಬಾಳ್ಲಿಲ್ಲ ನೋಡು" ಅಂದರು ಅಜ್ಜಿ. ಯಾರಿಗೆ ಹಾಕಿದಿರಿ ಅಂತ ನಾನು ಕೇಳಲಿಲ್ಲ, ಅವರೇ ಹೇಳಿದರು: ಅಮ್ಮನಿಗೇ. ಯಾಕೆಂದರೆ ಇಂದಿರಾ ಪಕ್ಷದ ಮುಖ್ಯಮಂತ್ರಿ ದೇವರಾಜ ಅರಸು ಕಾಲದಲ್ಲಿ ಅವರ ತವರಿನವರಿಗೆ ಉಳುತ್ತಿದ್ದ ಗದ್ದೆ ಸ್ವಂತಕ್ಕೆ ಬಂತು. ಇವರಿಗೆ ಮಾತ್ರ ಏನೂ ಬರಲಿಲ್ಲ. ಕಾಫಿ ತೋಟಗಳಿಗೆ ಭೂಮಿತಿ ಕಾಯ್ದೆಯಿಂದ ವಿನಾಯಿತಿ ಇತ್ತು, ತೋಟದ ಆಳು ಆಳಾಗಿಯೇ ಉಳಿದರು. ಅಷ್ಟೊಂದು ದೊಡ್ಡವರು ಬಂದು ಹೋದ ಈ ಊರಲ್ಲಿ ಈ ಅಜ್ಜಿಗೆ ಇವತ್ತಿಗೂ ಸ್ವಂತ ಮನೆ ಇಲ್ಲ.

ಸೋಮವಾರ, ಕಳಸ ಮತ್ತು ಕುದುರೆಮುಖ

ಆಲ್ದೂರು, ಬಾಳೆಹೊನ್ನೂರು, ಕಳಸ. ದಾರಿಯುದ್ದಕ್ಕೂ ಕಾಡು, ನಡುನಡುವೆ ಭದ್ರಾ. ಕಳಸದಲ್ಲಿ ಊಟ. ಈ ಕಾಡಂಚಿನ ಹಳ್ಳಿಗಳ ಜನ ಎರಡು ದಶಕ ನಕ್ಸಲರು ಮತ್ತು ಪೊಲೀಸರ ನಡುವೆ ಬದುಕಿದವರು. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಎದುರು ಶರಣಾದರು. ಹೋಟೆಲಿನವರು ಆ ವಿಷಯಕ್ಕೆ ಬಾಯಿ ಬಿಡಲಿಲ್ಲ, "ಈಗ ಸಲೀಸು" ಅಂದು ಮಜ್ಜಿಗೆ ಬಡಿಸಿದರು. ನಾನೂ ಒತ್ತಾಯ ಮಾಡಲಿಲ್ಲ.

ಕುದುರೆಮುಖ ಪಟ್ಟಣಕ್ಕೂ ಇರಾನಿಗೂ ನಂಟಿದೆ ಅಂತ ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ. 1975ರಲ್ಲಿ ಇರಾನಿನ ದೊರೆ ಷಾ ಅವರ ಸರ್ಕಾರ ಈ ಗುಡ್ಡದ ಕಬ್ಬಿಣದ ಅದಿರಿಗೆ ಒಪ್ಪಂದ ಮಾಡಿಕೊಂಡಿತು. 63 ಕೋಟಿ ಡಾಲರ್ ಸಾಲ ಕೊಡುತ್ತೇವೆ, 21 ವರ್ಷದಲ್ಲಿ 15 ಕೋಟಿ ಟನ್ ಅದಿರು ಪುಡಿ ಕೊಳ್ಳುತ್ತೇವೆ ಅಂದಿತು. 1976ರಲ್ಲಿ ಅದಿರು ತೆಗೆಯುವ ಕಂಪನಿ ಹುಟ್ಟಿತು. ಕಾಡಿನ ನಡುವೆ ರಸ್ತೆ, ಲಕ್ಯಾ ಅಣೆಕಟ್ಟು, ಮಂಗಳೂರಿನವರೆಗೆ ಕೊಳವೆ, ಕ್ವಾರ್ಟರ್ಸ್ ಎಲ್ಲ ಎದ್ದವು. ಇರಾನಿನಲ್ಲಿ ಕ್ರಾಂತಿ ಎದ್ದು 1979ರ ಜನವರಿಯಲ್ಲಿ ಷಾ ದೇಶ ಬಿಟ್ಟರು. 25.5 ಕೋಟಿ ಡಾಲರ್ ಕೊಟ್ಟಿದ್ದ ಇರಾನ್ ಮುಂದಿನದನ್ನು ನಿಲ್ಲಿಸಿತು. ಒಂದು ಟನ್ ಅದಿರನ್ನೂ ಒಯ್ಯಲಿಲ್ಲ. 1980ರಲ್ಲಿ ಕಾರ್ಖಾನೆ ಸಿದ್ಧವಾದಾಗ ಕೊಳ್ಳುವವರೇ ಇರಲಿಲ್ಲ.

ಆಗ ಕೆಲಸಕ್ಕೆ ಸೇರಿದವರೊಬ್ಬರು ಈಗ ಕಳಸದ ಹತ್ತಿರ ಇದ್ದಾರೆ. ನಮ್ಮ ಜೊತೆ ಜೀಪಿನಲ್ಲಿ ಬಂದು ಊರು ತೋರಿಸಿದರು. ಬೀಗ ಬಿದ್ದ ಮನೆಗಳ ಸಾಲು, ಗೋಡೆಯ ಮೇಲೆ ಪಾಚಿ. ಒಂದು ಮನೆಯ ಮುಂದೆ ನಿಂತು, "ಇಲ್ಲಿ ನಾವು. ಪಕ್ಕದಲ್ಲಿ ತಮಿಳುನಾಡಿನವರು, ಆಚೆ ಮನೆ ಬಿಹಾರದವರು" ಅಂದರು. ಬಾಗಿಲ ಚೌಕಟ್ಟಿನಲ್ಲಿ ಮಕ್ಕಳ ಎತ್ತರ ಅಳೆದ ಗೀರುಗಳು ಇನ್ನೂ ಇದ್ದವು, ಪೆನ್ನಿನಲ್ಲಿ ಬರೆದ ತಾರೀಕಿನ ಸಮೇತ. ಕೆಳಗಿನಿಂದ ಮೇಲಕ್ಕೆ ಒಂದೊಂದನ್ನೇ ಬೆರಳಿಟ್ಟು ಓದಿದರು.

ಇರಾನ್ ಕೈಬಿಟ್ಟ ವರ್ಷಗಳಲ್ಲಿ ಇಲ್ಲಿಯವರಿಗೆ ಕೆಲಸ ಉಳಿಯುತ್ತದೋ ಇಲ್ಲವೋ ಅನ್ನುವ ಭಯ. ಇವರು ಮೊದಲ ಸಂಬಳದಿಂದಲೇ ಊರಿನ ಅಡಿಕೆ ತೋಟಕ್ಕೆ ದುಡ್ಡು ಹಾಕಿದರು. ಕ್ವಾರ್ಟರ್ಸ್‌ಗೆ ಬೇಕು ಅಂತ ದೊಡ್ಡ ಸಾಮಾನು ಏನೂ ಕೊಳ್ಳಲಿಲ್ಲ. ಕಂಪನಿ ಜಪಾನ್, ಬಹ್ರೇನ್, ಪೂರ್ವ ಯೂರೋಪ್ ಅಂತ ಹೊಸ ಗಿರಾಕಿ ಹುಡುಕಿತು. 1987ರಲ್ಲಿ ಮಂಗಳೂರಿನಲ್ಲಿ ಅದಿರನ್ನು ಉಂಡೆ ಕಟ್ಟುವ ಕಾರ್ಖಾನೆ ಶುರುವಾಯಿತು. ಆಮೇಲೆ ಕಾಡು, ನದಿ ಹಾಳಾಗುತ್ತಿದೆ ಅಂತ ಹೋರಾಟ ನಡೆಯಿತು. ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಗಣಿ ನಿಂತಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ, ಭದ್ರೆ ಉಳಿಯಬೇಕಿತ್ತು. ಅವರೂ ಹೌದು ಅಂದರು. ಆದರೆ ಊರು ಖಾಲಿಯಾದ ವರ್ಷ ಅಕ್ಕಪಕ್ಕದ ಅಂಗಡಿಯವರು, ಟೈಲರ್, ಹಾಲಿನವರು ಏನಾದರು ಅಂತ ಯಾರೂ ಲೆಕ್ಕ ಇಟ್ಟಿಲ್ಲ ಅಂತ ನೊಂದುಕೊಂಡರು.

ಇರಾನ್ ಸುದ್ದಿ ಬಂದರೆ ಇವರು ಇವತ್ತಿಗೂ ಟಿವಿ ಸೌಂಡ್ ಜಾಸ್ತಿ ಮಾಡುತ್ತಾರೆ. ಅಳಿಯ ದೋಹಾದಲ್ಲಿದ್ದಾನೆ. 2025ರ ಜೂನ್ 23ರ ರಾತ್ರಿ ಕತಾರಿನಲ್ಲಿರುವ ಅಮೆರಿಕದ ನೆಲೆಯ ಮೇಲೆ ಇರಾನ್ ಕ್ಷಿಪಣಿ ಬಿಟ್ಟಾಗ ಇವರು ಅವನಿಗೆ ಫೋನ್ ಹಚ್ಚಿದರು. ಅಳಬೇಡ, ಓಡಬೇಡ ಅಂತೆಲ್ಲ ಹೇಳಲಿಲ್ಲವಂತೆ. ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗೆ ಇಟ್ಟುಕೋ. ಬಾಕಿ ಸಂಬಳ ಎಷ್ಟಿದೆ ಅಂತ ಬರೆದು ಫೋಟೊ ತೆಗೆದು ಇಲ್ಲಿಗೆ ಕಳಿಸು. ರೂಮಿನಲ್ಲಿ ಎರಡು ದಿನದ ನೀರು ಇರಲಿ. ರೂಮಿನವರೆಲ್ಲ ಒಬ್ಬರಿಗೊಬ್ಬರು ಮನೆಯ ನಂಬರ್ ಕೊಟ್ಟುಕೊಳ್ಳಿ.

ಆ ರೂಮಿನಲ್ಲಿ ನೇಪಾಳದ ಹುಡುಗನೊಬ್ಬ ಇದ್ದಾನಂತೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕಠ್ಮಂಡುವಿನಲ್ಲಿ ಸರ್ಕಾರ ಬಿದ್ದು ಊರು ಹೊತ್ತಿ ಉರಿದಾಗ, ಅವನಿಗೆ ದೋಹಾದಲ್ಲಿ ಕೂತು ಮನೆಯದೇ ಚಿಂತೆ. ಅವನ ಫೋನಿಗೆ ರೀಚಾರ್ಜ್ ಮಾಡಿಸಿ, ಎರಡು ದಿನ ಅವನ ಪಾಳಿಯನ್ನೂ ಸೇರಿಸಿ ಕೆಲಸ ಮಾಡಿದ್ದು ಅಳಿಯನೇ. ಹುಡುಗನ ಅಮ್ಮ ಈಗ ಕಳಸದ ಈ ನಂಬರ್‌ಗೂ ಆಗಾಗ ಫೋನ್ ಮಾಡುತ್ತಾರೆ. ಇವರಿಗೆ ಹಿಂದಿ ಸ್ವಲ್ಪ ಬರುತ್ತದೆ. ಊಟ ಆಯ್ತಾ, ಮಳೆ ಆಯ್ತಾ, ಮಕ್ಕಳು ಫೋನ್ ಮಾಡಿದ್ರಾ ಅಂತ ಕೇಳಿಕೊಳ್ಳುತ್ತಾರಂತೆ.